ನ್ಯಾಯಾಲಯದ ಮೇಲ್ವಿಚಾರಣೆಯೂ ನಮ್ಮ ಮನೆಯ ದಾವೆಯೂ

ಮನೆಯ ಜಗಳ ಕೋರ್ಟಿನ ಕಟ್ಟೆ ಹತ್ತಬಾರದೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಮಾತನ್ನು ಕೇಳುತ್ತಲೇ ಬೆಳೆದ ನಾವು ಹತ್ತು ವರ್ಷಗಳ ಕಾಲ ಆ ಕಟ್ಟೆಯನ್ನು ಹತ್ತಿ ಇಳಿದೆವು. ಅದೂ ಪರರೊಡನೆ ಹೂಡಿದ ವ್ಯಾಜ್ಯಕ್ಕಾಗಿ ಅಲ್ಲ. ಒಡಹುಟ್ಟಿದ ಅಕ್ಕನೊಡನೆ ನಡೆದ ವಾಟ್ನಿಯ ದಾವೆಗಾಗಿ. ಮನೆತನದ ಮರ್ಯಾದೆಗೆ ಸಂಬಂಧಿಸಿದ ಇಂಥ ಸಂಗತಿಯನ್ನು ಪತ್ರಿಕೆಯಲ್ಲಿ ಬರೆಯುವುದುಂಟೇ ಎಂದು ನಮ್ಮ ಮನೆಯಲ್ಲಿಯೇ ಆಕ್ಷೇಪಣೆ ಬಂದಿತು. ಆದರೆ ಆ ಹತ್ತು ವರ್ಷಗಳಲ್ಲಿ ನಾವು ಕಲಿತ ಪಾಠ ನಮ್ಮಂಥ ಅನೇಕ ಕುಟುಂಬಗಳಿಗೆ ಉಪಯುಕ್ತವಾದೀತೆಂಬ ನಂಬಿಕೆಯಿಂದ ಲೇಖನಿ ಹಿಡಿದಿದ್ದೇವೆ. ನ್ಯಾಯಾಲಯಗಳ ಆಡಳಿತವನ್ನು ನಡೆಸುವವರು ಯಾರು, ನ್ಯಾಯಾಧೀಶರ ಮೇಲೆ ಕಣ್ಣಿಟ್ಟಿರುವವರು ಯಾರು, ದೂರಿದ್ದರೆ ಯಾರ ಮುಂದೆ ಹೇಳಬೇಕು, ಯಾವುದನ್ನು ದೂರೆಂದು ಕರೆಯಲಾಗದು ಎಂಬ ವಿಷಯಗಳಲ್ಲಿ ನಮಗಿದ್ದ ಅಜ್ಞಾನ ಅಲ್ಪಸ್ವಲ್ಪದ್ದಾಗಿರಲಿಲ್ಲ.

ಕಾಗಿಣಾ ನದಿಯ ದಂಡೆಯ ಒಂದು ಹಳ್ಳಿಯಲ್ಲಿ ನಮ್ಮ ಮುತ್ಯಾನವರ ಕಾಲದಿಂದ ಬಂದ 16 ಎಕರೆ ಕರಿಭೂಮಿ ನಮ್ಮದು. ತೊಗರಿ, ಜೋಳ ಬೆಳೆಯುವ ಭೂಮಿ. ನಾವು ಮೂವರು ಅಣ್ಣತಮ್ಮಂದಿರು. ಅಣ್ಣನವರು ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆಯ ನೌಕರಿ ಮುಗಿಸಿ ಅಲ್ಲಿಯೇ ನೆಲೆಸಿದವರು. ತಮ್ಮನದು ಸೇಡಮಿನಲ್ಲಿ ಕಿರಾಣಿ ಅಂಗಡಿ. ನಾವು ಚಿತ್ತಾಪುರದಲ್ಲಿ ಶಿಕ್ಷಕ ವೃತ್ತಿಯಿಂದ ನಿವೃತ್ತರಾದವರು. ಎಲ್ಲರಿಗಿಂತ ಹಿರಿಯಳಾದ ಅಕ್ಕನನ್ನು 1968ರಲ್ಲಿ ಚಿಂಚೋಳಿ ತಾಲ್ಲೂಕಿನ ಒಂದು ಮನೆತನಕ್ಕೆ ಕೊಟ್ಟಿತ್ತು. ತಾಯಿಯವರು ಮೊದಲೇ ಲಿಂಗೈಕ್ಯರಾಗಿದ್ದರು. ತಂದೆಯವರು 1998ರಲ್ಲಿ ಲಿಂಗೈಕ್ಯರಾದರು. ಪ್ರತಿ ವರ್ಷ ಪಂಚಮಿಗೆ ಅಕ್ಕನನ್ನು ಕರೆತಂದು, ಸೀರೆ ಉಡಿಸಿ, ಉಡಿ ತುಂಬಿ ಕಳಿಸುತ್ತಿದ್ದೆವು. ತವರಿನಲ್ಲಿ ಹೆಣ್ಣುಮಗಳ ಪಾಲೆಂದರೆ ಅದೇ ಎಂದು ನಾವು ನಂಬಿದ್ದೆವು. ಅವಳೂ ಹಾಗೆಯೇ ನಂಬಿರುವಳೆಂದು ತಿಳಿದಿದ್ದೆವು.

ಭಾವನವರು ತೀರಿಹೋಗಿ, ಅವಳ ಸಂಸಾರ ಕಷ್ಟಕ್ಕೆ ಬಿದ್ದಾಗ ಅಕ್ಕ ಹೊಲದಲ್ಲಿ ಪಾಲು ಕೇಳಿದಳು. ನಾವು ನಕ್ಕೆವು. 2012ರಲ್ಲಿ ಅವಳು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟಳು. ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮ 1987ರದು. ಅದರ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಸಮಿತಿಯವರು ಗೊತ್ತುಮಾಡಿಕೊಟ್ಟ ವಕೀಲರ ಮುಖಾಂತರ ದಾವೆ ದಾಖಲಾಯಿತು. ನಮ್ಮ ಮನೆಗೆ ಸಮನ್ಸು ಬಂದ ವರ್ಷದಿಂದ ಅಕ್ಕ ಪಂಚಮಿಗೆ ಬರುವುದು ನಿಂತುಹೋಯಿತು.

ದಾವೆ ನಡೆದ ನ್ಯಾಯಾಲಯ ಯಾವುದೆಂದು ಇಲ್ಲಿ ಹೆಸರಿಸುವುದಿಲ್ಲ. ಅದರ ಅವಶ್ಯಕತೆಯೂ ಇಲ್ಲ. ಆರಂಭದಲ್ಲಿಯೇ ನ್ಯಾಯಾಧೀಶರು ಹೊಲವನ್ನು ಯಾರಿಗೂ ಮಾರಬಾರದೆಂದು ಮಧ್ಯಂತರ ಆದೇಶ ಮಾಡಿದರು. ಮುಂದೆ ಅವರಿಗೆ ವರ್ಗವಾಗಿ ಕೆಲ ತಿಂಗಳು ಪೀಠ ಖಾಲಿಯಾಯಿತು. ಬೇರೆ ತಾಲ್ಲೂಕಿನ ನ್ಯಾಯಾಧೀಶರು ಪ್ರಭಾರದ ಮೇಲೆ ವಾರಕ್ಕೆರಡು ದಿನ ಬಂದುಹೋಗುತ್ತಿದ್ದರು. ತಾರೀಖಿನ ಮೇಲೆ ತಾರೀಖು ಬೀಳುತ್ತ ಏಳು ವರ್ಷ ಕಳೆದವು. ತಮ್ಮನ ಮಗಳ ಮದುವೆಗೆ ಎರಡು ಎಕರೆ ಮಾರಬೇಕೆಂದರೆ ಆದೇಶ ಅಡ್ಡ. ಸಾಲ ಕೇಳಿದರೆ ದಾವೆ ಇರುವ ಭೂಮಿಯೆಂದು ಬ್ಯಾಂಕಿನವರ ನಿರಾಕರಣೆ. 2019ರ ಬೇಸಿಗೆಯಲ್ಲಿ ನಮ್ಮ ತಾಳ್ಮೆ ಮುಗಿಯಿತು.

ಮೊದಲಿಗೆ ನಾವು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ರಾಜಕೀಯದಲ್ಲಿ ಪ್ರಭಾವವುಳ್ಳ ಒಬ್ಬರ ಬಾಗಿಲಿಗೆ ಹೋಗಿ, ಮೇಲಿನಿಂದ ಒಂದು ಮಾತು ಹೇಳಿಸಿ ನ್ಯಾಯಾಧೀಶರ ವರ್ಗಾವಣೆ ಮಾಡಿಸಬಹುದೇ ಎಂದು ಕೇಳಿದೆವು. ಅದು ತಮ್ಮ ಕೈಯೊಳಗಿನ ಕೆಲಸವಲ್ಲವೆಂದು ಅವರು ಕೈಮುಗಿದುಬಿಟ್ಟರು. ಅದನ್ನು ನಾವು ನಂಬಲಿಲ್ಲ. ನಮಗಾಗಿ ಮಾಡಲೊಲ್ಲರೆಂದೇ ಬಗೆದೆವು. ಬಳಿಕ ಉಚ್ಚ ನ್ಯಾಯಾಲಯಕ್ಕೆ ನಾಲ್ಕು ಪುಟದ ಒಂದು ದೂರಿನ ಪತ್ರವನ್ನು ಬರೆದೆವು. ಅದರಲ್ಲಿ ಮೂರು ಆಪಾದನೆಗಳು: ದಾವೆ ವಿನಾಕಾರಣ ವಿಳಂಬವಾಗುತ್ತಿದೆ, ಮಧ್ಯಂತರ ಆದೇಶ ಕೊಟ್ಟುದರಿಂದ ನ್ಯಾಯಾಲಯ ಎದುರು ಪಕ್ಷದ ಕಡೆ ವಾಲಿದೆ, ಆದ್ದರಿಂದ ನ್ಯಾಯಾಧೀಶರನ್ನು ಕೂಡಲೇ ಬದಲಿಸಬೇಕು. ಪತ್ರದ ಕೊನೆಯಲ್ಲಿ ಸಹಿಯ ಜಾಗದಲ್ಲಿ 'ನೊಂದ ಪಕ್ಷಗಾರರು' ಎಂದಷ್ಟೇ ಬರೆದೆವು.

ನಮ್ಮ ಬೀಗರೊಬ್ಬರು ಬೇರೆ ಜಿಲ್ಲೆಯ ನ್ಯಾಯಾಲಯದಲ್ಲಿ ಶಿರಸ್ತೇದಾರರಾಗಿ ನಿವೃತ್ತರಾಗಿ ಶಹಾಬಾದಿನಲ್ಲಿ ನೆಲೆಸಿದ್ದಾರೆ. ಪತ್ರದ ಭಾಷೆಯನ್ನು ತಿದ್ದಿಸಿಕೊಳ್ಳೋಣವೆಂದು ಅವರಲ್ಲಿಗೆ ಹೋದೆವು. ಶಹಾಬಾದಿ ಫರ್ಸಿ ಹಾಸಿದ ತಂಪಾದ ಪಡಸಾಲೆಯಲ್ಲಿ ಕುಳಿತು ಅವರು ನಾಲ್ಕೂ ಪುಟಗಳನ್ನು ನಿಧಾನವಾಗಿ ಓದಿದರು. ಓದಿ, ಕನ್ನಡಕ ತೆಗೆದು, "ಮಾಸ್ತರ, ಇದಕ್ಕ ಸಹಿ ಯಾಕ ಇಲ್ಲ?" ಎಂದು ಕೇಳಿದರು.

ನಮಗೆ ಉತ್ತರ ಹೊಳೆಯಲಿಲ್ಲ. ಅವರೇ ವಿವರಿಸಿದರು. ಅಧೀನ ನ್ಯಾಯಾಲಯದ ನ್ಯಾಯಾಧೀಶರ ಮೇಲಿನ ದೂರನ್ನು ಪ್ರಮಾಣಪತ್ರವೂ ಪರಿಶೀಲನೆಗೆ ಸಿಗುವಂಥ ಆಧಾರವೂ ಇಲ್ಲದೆ ಎತ್ತಿಕೊಳ್ಳಬಾರದೆಂದು 2014ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಿಂದ ಉಚ್ಚ ನ್ಯಾಯಾಲಯಗಳಿಗೆ ಸೂಚನೆ ಹೋಗಿದೆ. ತೀರ್ಪು ತನ್ನ ವಿರುದ್ಧವಾದೀತೆಂದು ಅಂಜಿದವನೆಲ್ಲ ಹೆಸರಿಲ್ಲದ ಕಾಗದ ಬರೆಯತೊಡಗಿದರೆ ಯಾವ ನ್ಯಾಯಾಧೀಶನೂ ನಿರ್ಭಯವಾಗಿ ಒಂದು ಸಾಲು ಬರೆಯಲಾರನು. ಸತ್ಯವಾದ ದೂರಿದ್ದರೆ ಉಚ್ಚ ನ್ಯಾಯಾಲಯದ ಜಾಗೃತ ವಿಭಾಗ ವಿಚಾರಣೆ ನಡೆಸುತ್ತದೆ. ಆದರೆ ದೂರು ಕೊಡುವವನು ತನ್ನ ಹೆಸರಿನಿಂದ ಮುಂದೆ ಬರಬೇಕು.

ಆಮೇಲೆ ಅವರು ವರ್ಗಾವಣೆಯ ಮಾತಿಗೆ ಬಂದರು. ಬಾಗಿಲಿಂದ ತಿರುಗಿ ಕಳಿಸಿದ ಆ ರಾಜಕಾರಣಿ ನಿಜವನ್ನೇ ನುಡಿದಿದ್ದರೆಂದು ನಮಗೆ ಅಂದು ತಿಳಿಯಿತು. ಸಂವಿಧಾನದ 235ನೆಯ ಅನುಚ್ಛೇದ ಜಿಲ್ಲಾ ನ್ಯಾಯಾಲಯ ಹಾಗೂ ಅದರ ಕೆಳಗಿನ ಎಲ್ಲ ನ್ಯಾಯಾಲಯಗಳ ಮೇಲಿನ ನಿಯಂತ್ರಣವನ್ನು ಉಚ್ಚ ನ್ಯಾಯಾಲಯಕ್ಕೆ ಒಪ್ಪಿಸಿದೆ. ತಾಲ್ಲೂಕಿನ ಸಿವಿಲ್ ನ್ಯಾಯಾಧೀಶರು ಎಲ್ಲಿ ಕೆಲಸ ಮಾಡಬೇಕು, ಅವರಿಗೆ ಬಡ್ತಿ ಯಾವಾಗ, ರಜೆ ಎಷ್ಟು ಎಂಬುದನ್ನು ನಿರ್ಧರಿಸುವುದು ಮಂತ್ರಿಗಳಲ್ಲ, ಉಚ್ಚ ನ್ಯಾಯಾಲಯ. 233ನೆಯ ಅನುಚ್ಛೇದದಂತೆ ಜಿಲ್ಲಾ ನ್ಯಾಯಾಧೀಶರನ್ನು ರಾಜ್ಯಪಾಲರು ನೇಮಿಸುವುದೂ ಉಚ್ಚ ನ್ಯಾಯಾಲಯದೊಡನೆ ಸಮಾಲೋಚಿಸಿಯೇ. ಸಿವಿಲ್ ನ್ಯಾಯಾಧೀಶರ ಆಯ್ಕೆಯ ಪರೀಕ್ಷೆಯನ್ನು ನಮ್ಮ ರಾಜ್ಯದಲ್ಲಿ ಉಚ್ಚ ನ್ಯಾಯಾಲಯವೇ ನಡೆಸುತ್ತದೆ. ಸರ್ಕಾರ ಸಂಬಳದ ಹಣ ಕೊಡುತ್ತದೆ, ಕಟ್ಟಡ ಕಟ್ಟಿಸುತ್ತದೆ, ಹೊಸ ಹುದ್ದೆಗಳಿಗೆ ಮಂಜೂರಾತಿ ನೀಡುತ್ತದೆ. ಆದರೆ ಹಣ ಕೊಟ್ಟ ಕೈ ತಕ್ಕಡಿಯನ್ನು ಮುಟ್ಟುವಂತಿಲ್ಲ. ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಬೇಕೆಂದು ಸಂವಿಧಾನದ 50ನೆಯ ಅನುಚ್ಛೇದ ನಿರ್ದೇಶಿಸಿದೆ. 1974ರಲ್ಲಿ ಜಾರಿಗೆ ಬಂದ ದಂಡ ಪ್ರಕ್ರಿಯಾ ಸಂಹಿತೆಯು ದೇಶದಾದ್ಯಂತ ನ್ಯಾಯಿಕ ದಂಡಾಧಿಕಾರಿಗಳನ್ನು ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಂದ ಬೇರೆ ಮಾಡಿತು. 2024ರ ಜುಲೈಯಿಂದ ಆ ಸಂಹಿತೆಯ ಸ್ಥಾನಕ್ಕೆ ಹೊಸ ನಾಗರಿಕ ಸುರಕ್ಷಾ ಸಂಹಿತೆ ಬಂದಿದ್ದರೂ ಈ ಭೇದ ಹಾಗೆಯೇ ಉಳಿದಿದೆ. ನಮ್ಮ ಹಳ್ಳಿಗಳಲ್ಲಿ ತಹಸೀಲ್ದಾರರ ಕಚೇರಿಯನ್ನೂ ನ್ಯಾಯಾಲಯವನ್ನೂ ಒಂದೇ ಸರ್ಕಾರದ ಎರಡು ಕೋಣೆಗಳೆಂದು ಭಾವಿಸುವವರು ಇಂದಿಗೂ ಇದ್ದಾರೆ. ನಾವೂ ಅವರಲ್ಲೊಬ್ಬರಾಗಿದ್ದೆವು.

"ಹಾಗಾದರ ಇವರ ಮ್ಯಾಲ ನೋಡಾವ್ರು ಯಾರೂ ಇಲ್ಲೇನ್ರಿ?" ಎಂದು ಕೇಳಿದೆವು. ಬೀಗರು ನಕ್ಕು, ತಾವು ಮೂವತ್ತು ವರ್ಷ ಬರೆದುದೆಲ್ಲ ಅದೇ ಲೆಕ್ಕವೆಂದರು. 227ನೆಯ ಅನುಚ್ಛೇದದಂತೆ ರಾಜ್ಯದ ಸಮಸ್ತ ನ್ಯಾಯಾಲಯಗಳ ಮೇಲೆ ಉಚ್ಚ ನ್ಯಾಯಾಲಯಕ್ಕೆ ಮೇಲ್ವಿಚಾರಣೆಯ ಅಧಿಕಾರವಿದೆ. ಅದು ವಿವರಪಟ್ಟಿಗಳನ್ನು ತರಿಸಿಕೊಳ್ಳಬಹುದು, ಕಾರ್ಯವಿಧಾನದ ನಿಯಮಗಳನ್ನು ಮಾಡಬಹುದು, ವಹಿ ಪುಸ್ತಕಗಳನ್ನೂ ಲೆಕ್ಕಪತ್ರಗಳನ್ನೂ ಯಾವ ನಮೂನೆಯಲ್ಲಿ ಇಡಬೇಕೆಂದು ಗೊತ್ತುಪಡಿಸಬಹುದು. ಎಷ್ಟು ದಾವೆ ಹೊಸದಾಗಿ ಬಂದವು, ಎಷ್ಟು ಮುಗಿದವು, ಎಷ್ಟು ಉಳಿದವು, ಉಳಿದವುಗಳಲ್ಲಿ ಹಳೆಯವು ಎಷ್ಟು ಎಂಬ ಪಟ್ಟಿ ತಿಂಗಳು ತಿಂಗಳು ತಾಲ್ಲೂಕಿನಿಂದ ಕಲಬುರಗಿಯ ಪ್ರಧಾನ ಜಿಲ್ಲಾ ಮತ್ತು ಸತ್ರ ನ್ಯಾಯಾಧೀಶರಿಗೂ ಅಲ್ಲಿಂದ ಉಚ್ಚ ನ್ಯಾಯಾಲಯಕ್ಕೂ ಹೋಗುತ್ತದೆ. ಸೇಡಮಿರಲಿ, ಚಿತ್ತಾಪುರವಿರಲಿ, ಚಿಂಚೋಳಿಯಿರಲಿ, ತಾಲ್ಲೂಕು ನ್ಯಾಯಾಲಯದ ತಪಾಸಣೆಗೆ ಜಿಲ್ಲಾ ನ್ಯಾಯಾಧೀಶರು ಬರುತ್ತಾರೆ. ಅವರ ಮೇಲೆ, ಒಂದೊಂದು ಜಿಲ್ಲೆಯ ಉಸ್ತುವಾರಿಗೆಂದು ಉಚ್ಚ ನ್ಯಾಯಾಲಯದ ಒಬ್ಬೊಬ್ಬ ನ್ಯಾಯಮೂರ್ತಿಗಳು ಆಡಳಿತಾತ್ಮಕ ನ್ಯಾಯಮೂರ್ತಿಗಳೆಂದು ನೇಮಕವಾಗಿರುತ್ತಾರೆ. ಎಲ್ಲರ ಮೇಲೆ ಮುಖ್ಯ ನ್ಯಾಯಮೂರ್ತಿಗಳು. ಅವರ ಆಡಳಿತದ ಕೈಯಾಗಿ ಮಹಾ ವಿಲೇಖನಾಧಿಕಾರಿಗಳ ಕಚೇರಿ, ಅಂದರೆ ರಿಜಿಸ್ಟ್ರಾರ್ ಜನರಲ್.

ಉಚ್ಚ ನ್ಯಾಯಾಲಯದವರನ್ನು ನೋಡುವವರಾರು ಎಂದೂ ಕೇಳಿದೆವು. ಅಲ್ಲಿ ವ್ಯವಸ್ಥೆಯೇ ಬೇರೆ. ಸರ್ವೋಚ್ಚ ನ್ಯಾಯಾಲಯವು ಉಚ್ಚ ನ್ಯಾಯಾಲಯದ ತೀರ್ಪನ್ನು ಬದಲಿಸಬಲ್ಲುದಾದರೂ ಅದರ ದೈನಂದಿನ ಆಡಳಿತದ ಮೇಲಧಿಕಾರಿಯಲ್ಲ. ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳನ್ನು ತೆಗೆಯಬೇಕಾದರೆ ಸಂಸತ್ತಿನ ಉಭಯ ಸದನಗಳಲ್ಲಿ ವಿಶೇಷ ಬಹುಮತ ಬೇಕು. ಕರ್ನಾಟಕದ ಉಚ್ಚ ನ್ಯಾಯಾಲಯಕ್ಕೆ ಮಂಜೂರಾದ ನ್ಯಾಯಮೂರ್ತಿಗಳ ಹುದ್ದೆಗಳು 62. ಅವೆಲ್ಲ ಒಮ್ಮೆಗೆ ತುಂಬಿರುವುದು ಅಪರೂಪ. ತಾಲ್ಲೂಕಿನಲ್ಲಿ ಖಾಲಿ ಬಿದ್ದ ಪೀಠವನ್ನು ಕಂಡು ಸಿಟ್ಟಾದ ನಮಗೆ ಆ ಕೊರತೆ ಮೇಲಿನ ತನಕ ಇದೆಯೆಂಬುದು ಹೊಸ ವಿಷಯವಾಗಿತ್ತು.

ಇನ್ನುಳಿದುದು ಪಕ್ಷಪಾತದ ಆಪಾದನೆ. ಇದಕ್ಕೆ ಬೀಗರು ಕೊಟ್ಟ ಉತ್ತರವನ್ನು ನಾವು ಮರೆಯಲಾರೆವು. ಶಹಾಬಾದಿಗೆ ಸಮೀಪದಲ್ಲಿಯೇ ಮರತೂರು ಇದೆ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಬಾಳಿದ ವಿಜ್ಞಾನೇಶ್ವರನು ಆ ಊರಿನವನೆಂದು ವಿದ್ವಾಂಸರು ಗುರುತಿಸಿದ್ದಾರೆ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ 'ಮಿತಾಕ್ಷರಾ' ವ್ಯಾಖ್ಯಾನವೇ ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿ ವಿಭಾಗಕ್ಕೆ ಆಧಾರವಾಯಿತು. ಆ ಸ್ಮೃತಿಯಲ್ಲಿ ವ್ಯಾಜ್ಯ ತೀರಿಸುವ ಸಭೆಗಳ ಶ್ರೇಣಿಯೊಂದಿದೆ. ಕುಲದವರ ಮೇಲೆ ಕಸುಬುದಾರರ ಶ್ರೇಣಿ, ಅದರ ಮೇಲೆ ಊರಿನ ಪೂಗ, ಅದರ ಮೇಲೆ ಅರಸನು ನೇಮಿಸಿದ ಅಧಿಕಾರಿಗಳು. ಒಂದಕ್ಕಿಂತ ಒಂದು ಹಿರಿದು. ಕೆಳಗಿನ ಸಭೆಯ ನಿರ್ಣಯವನ್ನು ಮೇಲಿನ ಸಭೆ ಮತ್ತೆ ನೋಡಬಹುದು. ಅಷ್ಟೇ ಅಲ್ಲ, ಕೆಟ್ಟದಾಗಿ ತೀರ್ಮಾನವಾದ ವ್ಯಾಜ್ಯವನ್ನು ಅರಸನು ಪುನಃ ಪರಿಶೀಲಿಸಿ, ಗೆದ್ದವನನ್ನೂ ಸಭಾಸದರನ್ನೂ ಕೂಡಿಸಿ ಇಮ್ಮಡಿ ದಂಡ ವಿಧಿಸಬೇಕೆಂದೂ ಅಲ್ಲಿದೆ.

"ಈಗ ಆ ದಂಡ ಇಲ್ಲ ಮಾಸ್ತರ" ಎಂದರು ಬೀಗರು. ಇಂದಿನ ವ್ಯವಸ್ಥೆಯಲ್ಲಿ ತಪ್ಪು ಬೇರೆ, ತಪ್ಪಿತ ನಡತೆ ಬೇರೆ. ನ್ಯಾಯಾಧೀಶರು ಕಾನೂನನ್ನು ತಪ್ಪಾಗಿ ಅರ್ಥಮಾಡಿಕೊಂಡಿದ್ದರೆ ಅದಕ್ಕೆ ಮೇಲ್ಮನವಿಯಿದೆ. ಮಧ್ಯಂತರ ಆದೇಶದ ಮೇಲೂ ಮೇಲ್ಮನವಿಯಿತ್ತು, ನಾವು ಹೋಗಿರಲಿಲ್ಲ. ನ್ಯಾಯಾಧೀಶರು ಲಂಚ ಪಡೆದಿದ್ದರೆ, ಒಂದು ಪಕ್ಷದವರ ಮನೆಯಲ್ಲಿ ಆತಿಥ್ಯ ಸ್ವೀಕರಿಸಿದ್ದರೆ ಅದಕ್ಕೆ ಶಿಸ್ತಿನ ವಿಚಾರಣೆಯಿದೆ. ಮೊದಲನೆಯದನ್ನು ಎರಡನೆಯದೆಂದು ಬಿಂಬಿಸಿ ಕಾಗದ ಬರೆಯುವುದು ಅನ್ಯಾಯ. ಆಡಳಿತದ ಮೇಲಧಿಕಾರಿಗಳು ನ್ಯಾಯಾಧೀಶರಿಗೆ ಕೆಲಸ ಮಾಡಿರೆಂದು ಹೇಳಬಹುದೇ ಹೊರತು ಇಂಥ ದಾವೆಯಲ್ಲಿ ಇಂಥವರಿಗೆ ಗೆಲುವು ಕೊಡಿರೆಂದು ಹೇಳುವಂತಿಲ್ಲ. ನಾವು ಬರೆದ ನಾಲ್ಕು ಪುಟಗಳು ಬೇಡಿದ್ದು ಅದನ್ನೇ.

ಕೊನೆಗೆ ಅವರು ಒಂದು ಸಲಹೆ ಕೊಟ್ಟರು. ವಿಳಂಬವೆಂಬ ಆಪಾದನೆಗೆ ಆಧಾರ ಬೇಕಲ್ಲವೇ? ದಾವೆಯ ಆರ್ಡರ್ ಶೀಟಿನ ದೃಢೀಕೃತ ನಕಲಿಗೆ ಅರ್ಜಿ ಹಾಕಿ ತರಿಸಿರಿ. ಪ್ರತಿ ತಾರೀಖಿನಂದು ಏನು ನಡೆಯಿತು, ಯಾರ ಕಾರಣದಿಂದ ಮುಂದಕ್ಕೆ ಹೋಯಿತು ಎಂಬುದನ್ನು ನ್ಯಾಯಾಧೀಶರು ಅದರಲ್ಲಿ ಬರೆದು ಸಹಿ ಮಾಡಿರುತ್ತಾರೆ. ಅದನ್ನು ಓದಿ, ಲೆಕ್ಕ ತೆಗೆದು, ಆಮೇಲೆ ಸಹಿ ಹಾಕಿ ದೂರು ಕೊಡಿರಿ ಎಂದರು.

ನಕಲು ಬಂದ ದಿನ ಚಿತ್ತಾಪುರದ ನಮ್ಮ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಓದಲು ಕುಳಿತೆವು. ಮಕ್ಕಳ ಹಾಜರಿ ಪುಸ್ತಕ ಬರೆದ ಕೈ. ಒಂದು ಹಾಳೆಯಲ್ಲಿ ಗೆರೆ ಎಳೆದು ಲೆಕ್ಕ ಹಾಕತೊಡಗಿದೆವು. ಏಳು ವರ್ಷಗಳಲ್ಲಿ 68 ತಾರೀಖುಗಳು. ಪೀಠ ಖಾಲಿಯಿದ್ದುದರಿಂದ ಹೋದವು 12. ಅಕ್ಕನ ಕಡೆಯವರು ಕೇಳಿ ಪಡೆದವು 8. ಒಂದು ಹಳೆಯ ಉರ್ದು ಕಾಗದದ ಅನುವಾದಕ್ಕಾಗಿ ಹೋದವು 6. ನಿಜವಾದ ಕೆಲಸ ನಡೆದವು 13. ಉಳಿದ 29 ತಾರೀಖುಗಳು ನಮ್ಮ ಕೋರಿಕೆಯ ಮೇರೆಗೆ ಮುಂದಕ್ಕೆ ಹೋಗಿದ್ದವು.

ಇಪ್ಪತ್ತೊಂಬತ್ತು! ಕೈಫಿಯತ್ತು ಸಲ್ಲಿಸಲು ಸಮಯ ಬೇಕೆಂದು, ಅಣ್ಣನವರಿಗೆ ಆರೋಗ್ಯ ಸರಿಯಿಲ್ಲವೆಂದು, ಸಾಕ್ಷಿ ಊರಲ್ಲಿಲ್ಲವೆಂದು, ಹಿರಿಯ ವಕೀಲರು ಕಲಬುರಗಿಯಲ್ಲಿದ್ದಾರೆಂದು. ಒಬ್ಬ ಪಕ್ಷಗಾರನಿಗೆ ದಾವೆಯ ವಿಚಾರಣೆಯಲ್ಲಿ ಮೂರಕ್ಕಿಂತ ಹೆಚ್ಚು ಬಾರಿ ಮುಂದೂಡಿಕೆ ಕೊಡಬಾರದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಗೆ 2002ರಿಂದ ಜಾರಿಗೆ ಬಂದ ತಿದ್ದುಪಡಿ ಹೇಳುತ್ತದೆ. ನಮ್ಮ ನ್ಯಾಯಾಧೀಶರು ಹಲವು ಸಲ ಆಕ್ಷೇಪಿಸಿ, ಖರ್ಚಿನ ದಂಡವನ್ನೂ ಹಾಕಿದ್ದರು. ವಕೀಲರು ಕೇಳಿದಾಗ ಆ ಹಣವನ್ನು ಫೀಸಿನ ಬಾಬತ್ತೆಂದು ತಿಳಿದು ಕೊಟ್ಟಿದ್ದೆವು. ವಕೀಲರನ್ನು ದೂರುವಂತಿರಲಿಲ್ಲ, 'ಸ್ವಲ್ಪ ಜಗ್ಗಲಿ, ಅಕ್ಕ ತಾನಾಗಿಯೇ ಬೇಸತ್ತು ಬಿಡುತ್ತಾಳೆ' ಎಂದು ಮೊದಲ ವರ್ಷ ಅವರ ಕಚೇರಿಯಲ್ಲಿ ಕುಳಿತು ಹೇಳಿದವರು ನಾವೇ. ಹೇಳಿದ್ದನ್ನು ನಾವು ಮರೆತಿದ್ದೆವು. ಆರ್ಡರ್ ಶೀಟು ಮರೆತಿರಲಿಲ್ಲ. ಆ ರಾತ್ರಿ ನಮಗೆ ಊಟ ಸೇರಲಿಲ್ಲ.

ಆ ಉರ್ದು ಕಾಗದದ ವಿಷಯವನ್ನೂ ಹೇಳಬೇಕು. ನಿಜಾಮರ ಆಳ್ವಿಕೆಯಲ್ಲಿ ನಮ್ಮ ಭಾಗದ ನ್ಯಾಯಾಲಯಗಳ ಭಾಷೆ ಉರ್ದು. ಅದೇ ಹೊಲದ ಬಾಂದಿನ ತಕರಾರಿಗಾಗಿ ನಮ್ಮ ಮುತ್ಯಾನವರು ಹೈದರಾಬಾದಿಗೆ ಅಪೀಲು ಹೋಗಿದ್ದರು. ವಾಡಿಯಿಂದ ಚಿತ್ತಾಪುರ, ಸೇಡಮ್ ಮಾರ್ಗವಾಗಿ ಸಿಕಂದರಾಬಾದಿಗೆ ಹೋಗುವ ರೈಲು 1874ರಲ್ಲಿಯೇ ಆರಂಭವಾಗಿತ್ತು. ಮೂಸಿ ನದಿಯ ದಂಡೆಯ ಹೈಕೋರ್ಟಿನ ಕಟ್ಟಡ 1920ರಲ್ಲಿ ಉದ್ಘಾಟನೆಯಾಯಿತು. ಒಂದು ಎತ್ತನ್ನು ಮಾರಿ ಆ ರೈಲು ಹತ್ತಿದ ಮುತ್ಯಾನವರು ತಂದ ಫೈಸಲೆಯ ಕಾಗದ ನಮ್ಮ ಮನೆಯ ಸಂದೂಕಿನಲ್ಲಿತ್ತು. ಅವರು ಗೆದ್ದರೆಂಬುದು ಎಲ್ಲರಿಗೂ ಗೊತ್ತು. ಏನು ಬರೆದಿದೆಯೆಂದು ಓದಬಲ್ಲವರು ಮನೆಯಲ್ಲಿ ಒಬ್ಬರೂ ಇರಲಿಲ್ಲ. 1956ರ ನವೆಂಬರ್ 1ರಂದು ಗುಲಬರ್ಗಾ, ಬೀದರ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ನಮ್ಮ ಮೇಲಿನ ನ್ಯಾಯಾಲಯ ಬೆಂಗಳೂರಿಗೆ ಹೋಯಿತು. ಭಾಷೆ ಹತ್ತಿರವಾಯಿತು, ದಾರಿ ದೂರವಾಯಿತು. ಐದು ದಶಕಗಳ ಕಾಲ ಈ ಭಾಗದ ಬಡ ರೈತ ರಾತ್ರಿಯೆಲ್ಲ ರೈಲಿನಲ್ಲಿ ಕುಳಿತು, ಅಪರಿಚಿತ ಊರಿನಲ್ಲಿ ಇಳಿದು, ತನ್ನ ಮೇಲ್ಮನವಿಯ ತಾರೀಖನ್ನು ಕೇಳಿ ಹಿಂದಿರುಗುತ್ತಿದ್ದ. ವಕೀಲರೂ ಜನರೂ ದಶಕಗಟ್ಟಲೆ ಬೇಡಿಕೆ ಇಟ್ಟ ಮೇಲೆ 2008ರ ಜುಲೈಯಲ್ಲಿ ಧಾರವಾಡ ಮತ್ತು ಗುಲಬರ್ಗಾಗಳಲ್ಲಿ ಸಂಚಾರಿ ಪೀಠಗಳು ಆರಂಭವಾದವು. 2013ರಲ್ಲಿ ಅವು ಕಾಯಂ ಪೀಠಗಳಾದವು. ಕಲಬುರಗಿ, ಬೀದರ, ರಾಯಚೂರು, ಯಾದಗಿರಿ, ವಿಜಯಪುರ ಜಿಲ್ಲೆಗಳ ಜನರಿಗೆ ಇಂದು ಉಚ್ಚ ನ್ಯಾಯಾಲಯವೆಂದರೆ ಕಲಬುರಗಿಯೇ.

ಮುತ್ಯಾನವರು ಎತ್ತು ಮಾರಿ ಹುಡುಕಿಕೊಂಡು ಹೋದ ಮೇಲಿನ ನ್ಯಾಯಾಲಯ ಈಗ ನಮ್ಮ ಬಾಗಿಲಿಗೆ ಬಂದಿದೆ. ತಾರೀಖು ತಿಳಿಯಲು ಊರಿಗೆ ಹೋಗಬೇಕಾದ ಪ್ರಮೇಯವೂ ಇಲ್ಲ. 2007ರಲ್ಲಿ ಆರಂಭವಾದ ಇ-ಕೋರ್ಟ್ಸ್ ಯೋಜನೆಯಿಂದಾಗಿ ಪ್ರತಿ ದಾವೆಗೂ 16 ಅಕ್ಷರ ಮತ್ತು ಅಂಕೆಗಳ ಒಂದು ಸಂಖ್ಯೆಯಿದೆ. ನಮ್ಮ ಮೊಮ್ಮಗ ಅದನ್ನು ಮೊಬೈಲಿನಲ್ಲಿ ಒತ್ತಿ, ಮುಂದಿನ ತಾರೀಖನ್ನೂ ಹಿಂದಿನ ತಾರೀಖುಗಳ ಪಟ್ಟಿಯನ್ನೂ ನಿಮಿಷದಲ್ಲಿ ತೋರಿಸಿದ. ಮೇಲ್ವಿಚಾರಣೆಯ ಸಾಧನಗಳು ಇಷ್ಟು ಸಮೀಪಕ್ಕೆ ಬಂದರೂ ಪಕ್ಷಗಾರನ ಮನಸ್ಸಿನೊಳಗೆ ಇಳಿದು ನೋಡುವ ತಪಾಸಣಾಧಿಕಾರಿ ಯಾವ ಇಲಾಖೆಯಲ್ಲಿಯೂ ಇಲ್ಲ. ಆ ಕೆಲಸ ಅವನದೇ.

ಲೆಕ್ಕ ತಿಳಿದ ಮರುದಿನವೇ ನಾವು ಅಕ್ಕನ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆವೆಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಹಾಗೆ ನಡೆಯಲಿಲ್ಲ. ದೂರಿನ ಪತ್ರವನ್ನು ಹರಿದು ಹಾಕಿದೆವು, ನಿಜ. ಇನ್ನು ಮೇಲೆ ನಮ್ಮ ಕಡೆಯಿಂದ ತಾರೀಖು ಕೇಳಬಾರದೆಂದು ವಕೀಲರಿಗೆ ತಿಳಿಸಿದ್ದೂ ನಿಜ. ಆದರೆ ಪಾಲು ಕೊಡುವ ಮಾತಿಗೆ ಅಣ್ಣನವರು ಒಪ್ಪಲಿಲ್ಲ, ನಾವೂ ಒತ್ತಾಯಿಸಲಿಲ್ಲ. ಏಕೆಂದರೆ ಕಾನೂನು ನಮ್ಮ ಕಡೆಗಿದೆಯೆಂಬ ಭರವಸೆ ಇತ್ತು. ಕರ್ನಾಟಕವು 1994ರಲ್ಲಿಯೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತ್ತಾದರೂ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಆದರೆ ಆ ತಿದ್ದುಪಡಿ ಬರುವ ದಿನ ತಂದೆ ಬದುಕಿರಬೇಕಿತ್ತೆಂದು, ನಮ್ಮ ರಾಜ್ಯದಿಂದಲೇ ಹೋದ ಒಂದು ಮೇಲ್ಮನವಿಯಲ್ಲಿ ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಹೇಳಿತು. ನಮ್ಮ ತಂದೆಯವರು ತೀರಿಕೊಂಡದ್ದು 1998ರಲ್ಲಿ. ಆ ಲೆಕ್ಕದಲ್ಲಿ ಅಕ್ಕನಿಗೆ ಬರುವುದು ತಂದೆಯ ಕಾಲು ಪಾಲಿನಲ್ಲಿ ಕಾಲು, ಎಂದರೆ 16 ಎಕರೆಯಲ್ಲಿ ಒಂದೇ ಎಕರೆ.

2020ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ ಆ ಅಭಿಪ್ರಾಯವನ್ನು ಕೈಬಿಟ್ಟಿತು. ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, ತಿದ್ದುಪಡಿಯ ದಿನ ತಂದೆ ಬದುಕಿದ್ದನೋ ಇಲ್ಲವೋ ಎಂಬುದರಿಂದ ಅಲ್ಲ ಎಂದಿತು. ಅಕ್ಕನ ಪಾಲು ನಾಲ್ಕು ಎಕರೆಯಾಯಿತು. ಕೋವಿಡ್ ಕಾಲದ ನಿರ್ಬಂಧಗಳು ಕಳೆದ ಮೇಲೆ, 2022ರಲ್ಲಿ, ಲೋಕ ಅದಾಲತಿನಲ್ಲಿ ನಾವು ನಾಲ್ವರೂ ಒಂದೇ ಮೇಜಿನ ಮುಂದೆ ಕುಳಿತು ರಾಜಿಪತ್ರಕ್ಕೆ ಸಹಿ ಹಾಕಿದೆವು. ಲೋಕ ಅದಾಲತಿನ ಅವಾರ್ಡು ನ್ಯಾಯಾಲಯದ ಡಿಕ್ರಿಗೆ ಸಮ. ಅದರ ಮೇಲೆ ಅಪೀಲಿಲ್ಲ. ತುಂಬಿದ ಕೋರ್ಟ್ ಶುಲ್ಕವೂ ಮರಳಿ ಬರುತ್ತದೆ. ಸರ್ವೇಯರು ಬಂದು ಅಳತೆ ಮಾಡಿ ನಕ್ಷೆ ತೆಗೆದು, ಪಹಣಿಯಲ್ಲಿ ಅಕ್ಕನ ಹೆಸರು ಏರಿತು. ನಮ್ಮ ಮನೆತನದ ಹೊಲದ ಪಹಣಿಯಲ್ಲಿ ಹೆಣ್ಣುಮಗಳ ಹೆಸರು ಕಂಡದ್ದು ಅದೇ ಮೊದಲು.

ಸಹಿ ಮಾಡಿದ ದಿನ ನ್ಯಾಯಾಲಯದ ಆವರಣದ ಬೇವಿನ ಮರದ ಕೆಳಗೆ ಅಕ್ಕ ಕುಳಿತಿದ್ದಳು. ದಾವೆ ಹೂಡಿದಾಗ ಬಸ್ಸಿನಿಂದ ತಾನಾಗಿ ಇಳಿದು ಬರುತ್ತಿದ್ದವಳನ್ನು ಅಂದು ಮಗ ಕೈಹಿಡಿದು ಕರೆತಂದಿದ್ದ. ನಾವು ಹತ್ತಿರ ಹೋಗಿ, ಇಷ್ಟು ತಡವಾಯಿತಲ್ಲ ಎಂದೆವು. ಅದಕ್ಕವಳು, "ಹೊಲದ ಸಲುವಾಗಿ ನಾ ಇಷ್ಟು ದಿನ ಅಡ್ಡಾಡಿಲ್ಲೋ ತಮ್ಮ. ನಾನೂ ಅಪ್ಪನ ಮಗಳು ಹೌದೋ ಅಲ್ಲೋ ಅಂತ ಯಾರರೆ ಒಬ್ಬರು ಬರದು ಕೊಡಬೇಕಾಗಿತ್ತು" ಎಂದಳು. ಅದನ್ನು ಬರೆದುಕೊಡಲು ಒಂದು ನ್ಯಾಯಾಲಯ ಬೇಕಾಯಿತು ಎಂಬುದೇ ನಮ್ಮನ್ನು ಇಂದಿಗೂ ಕಾಡುವ ಮಾತು. ಆ ವರ್ಷದ ಪಂಚಮಿಗೆ ಅಕ್ಕನನ್ನು ಕರೆಯಲು ಚಿಂಚೋಳಿಯ ಕಡೆಗೆ ಅಣ್ಣನವರೇ ಹೋದರು. ಅವಳು ಬಂದಳು. ಎರಡು ದಿನ ಇದ್ದು, ತನ್ನ ನಾಲ್ಕು ಎಕರೆಯ ತೊಗರಿಯನ್ನು ನೋಡಿ ಹೋದಳು.

ಓದುಗ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟೇ. ನ್ಯಾಯಾಲಯಗಳಲ್ಲಿ ದೋಷಗಳಿಲ್ಲವೆಂದು ನಾವು ಹೇಳುವುದಿಲ್ಲ. ಖಾಲಿ ಪೀಠಕ್ಕಾಗಿ ನಮ್ಮ 12 ತಾರೀಖುಗಳು ಹೋದುದು ಸುಳ್ಳಲ್ಲ. ಅಂಥದನ್ನು ಜಿಲ್ಲಾ ನ್ಯಾಯಾಧೀಶರ ಗಮನಕ್ಕೆ, ವಕೀಲರ ಸಂಘದ ಮುಖಾಂತರ, ಹೆಸರು ಬರೆದು ತರುವ ಹಕ್ಕು ನಮಗಿದೆ, ತರಬೇಕು. ಲಂಚ ಕೇಳಿದವರಿದ್ದರೆ ಪ್ರಮಾಣಪತ್ರದೊಡನೆ ದೂರು ಕೊಡುವ ಧೈರ್ಯವೂ ಬೇಕು. ತೀರ್ಪು ಒಪ್ಪಿಗೆಯಾಗದಿದ್ದರೆ ಮೇಲ್ಮನವಿಯ ಬಾಗಿಲು ಈಗ ಕಲಬುರಗಿಯಲ್ಲಿಯೇ ಇದೆ. ಆದರೆ ಇವುಗಳಲ್ಲಿ ಯಾವುದಕ್ಕೆ ಕೈಹಾಕುವ ಮೊದಲೂ ನಿಮ್ಮ ದಾವೆಯ ಆರ್ಡರ್ ಶೀಟನ್ನು ತರಿಸಿ, ಮನೆಯವರೆಲ್ಲ ಕುಳಿತು ಒಮ್ಮೆ ಓದಿರಿ. ಹಾಗೂ ಮನೆಯ ಹೆಣ್ಣುಮಗಳು ಪಾಲು ಕೇಳಿದಾಗ ನಗದೆ, ಅವಳನ್ನು ಪಕ್ಕಕ್ಕೆ ಕೂಡಿಸಿಕೊಂಡು ಲೆಕ್ಕ ಮಾಡಿರಿ. ನಾವು ಮಾಡದೆ ಬಿಟ್ಟ ಆ ಒಂದು ಸಂಜೆಯ ಲೆಕ್ಕಕ್ಕೆ ಅಕ್ಕ ತನ್ನ ಹತ್ತು ಪಂಚಮಿಗಳನ್ನು ತೆತ್ತಳು.